ಹುಂಜವೋ ಹೇಂಟೆಯೋ: ಒಂದು ದಿನದ ಪಿಳ್ಳೆಯ ಮೈಬಣ್ಣದ ಚರಿತ್ರೆ

ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಯಾರನ್ನು ಕೇಳಿದರೂ ಪನ್ನೆಟ್ ಚೌಕ ನೆನಪಿರುತ್ತದೆ. ಮೇಲ್ಗಡೆ ಒಬ್ಬ ಪೋಷಕರ ಅಕ್ಷರಗಳು, ಎಡಗಡೆ ಇನ್ನೊಬ್ಬರವು, ಒಳಗಿನ ಮನೆಗಳಲ್ಲಿ ಮಕ್ಕಳು. ಬಟಾಣಿ ಗಿಡ ಎತ್ತರವೋ ಗಿಡ್ಡವೋ, ಕಾಳು ದುಂಡಗಿದೆಯೋ ಸುಕ್ಕಾಗಿದೆಯೋ ಎಂದು ಅದರಲ್ಲಿ ತುಂಬಿ, ಅಂಕ ಗಿಟ್ಟಿಸಿ, ಮರೆತುಬಿಟ್ಟವರೇ ಹೆಚ್ಚು. ಆ ಚೌಕಕ್ಕೆ ಹೆಸರಾದ ರೆಜಿನಾಲ್ಡ್ ಕ್ರಂಡಾಲ್ ಪನ್ನೆಟ್ (1875–1967) ಕೇಂಬ್ರಿಜ್ ವಿಶ್ವವಿದ್ಯಾಲಯದ ಮೊದಲ ತಳಿಶಾಸ್ತ್ರ ಪ್ರಾಧ್ಯಾಪಕ. ಸಿಹಿಬಟಾಣಿಯ ಹೂವಿನ ಮೇಲೂ ಆತ ಕೆಲಸ ಮಾಡಿದ್ದುಂಟು. ಆದರೆ ದಶಕಗಟ್ಟಲೆ ಬೆನ್ನು ಬಿಡದೆ ನೋಡಿದ್ದು ಕೋಳಿಗಳನ್ನು. ನಾನು ವಿಜ್ಞಾನ ನಿಯತಕಾಲಿಕೆಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಳೆಯ ಸಂಚಿಕೆಗಳನ್ನು ತಿರುವುವಾಗ ಕೋಳಿಗಳು ಎಷ್ಟು ಸಲ ಅಡ್ಡ ಬಂದವೆಂದರೆ, ಕೊನೆಗೆ ಅವುಗಳಿಗೇ ಒಂದು ನೋಟ್‌ಬುಕ್ ಮೀಸಲಿಡಬೇಕಾಯಿತು. ಆ ನೋಟ್‌ಬುಕ್ಕಿನಲ್ಲಿರುವ ಒಂದೇ ಒಂದು ಪ್ರಶ್ನೆಯ ಕಥೆ ಇದು: ಮೊಟ್ಟೆಯೊಡೆದು ಬಂದ ದಿನವೇ, ಬರಿ ಮೈಬಣ್ಣ ನೋಡಿ, ಪಿಳ್ಳೆ ಹುಂಜವೋ ಹೇಂಟೆಯೋ ಎಂದು ಹೇಳಲು ಬರುತ್ತದೆಯೇ?

ನಾಟಿಕೋಳಿ ಸಾಕಿದ ಮನೆಯಲ್ಲಿ ಈ ಪ್ರಶ್ನೆಗೆ ಅವಸರವೇ ಇಲ್ಲ. ಕನ್ನಡವನ್ನೇ ನೋಡಿ. ಬೆಳೆದ ಕೋಳಿಗೆ ಹುಂಜ, ಹೇಂಟೆ ಎಂದು ಎರಡು ಹೆಸರು. ಮರಿಗೆ ಮಾತ್ರ ಪಿಳ್ಳೆ ಎಂಬ ಒಂದೇ ಹೆಸರು. ನಮ್ಮಜ್ಜಿಯನ್ನು ಚಿಕ್ಕಂದಿನಲ್ಲಿ ಕೇಳಿದರೆ "ಜುಟ್ಟು ಬರ್ಲಿ ತಡಿ, ಅದೇ ಹೇಳ್ತದೆ" ಅನ್ನುತ್ತಿದ್ದಳು. ಹದ್ದು, ಕಾಗೆ, ಮುಂಗುಸಿ, ಬೆಕ್ಕು, ಕೊಕ್ಕರೆ ರೋಗ ಇವೆಲ್ಲದರ ಬಾಯಿಂದ ಉಳಿದದ್ದು ಕೆಲವು ವಾರಗಳ ನಂತರ ಜುಟ್ಟು ಕೆಂಪಾಗಿಸಿಕೊಂಡರೆ ಹುಂಜ. ಅದು ಹಬ್ಬಕ್ಕೆ, ಹರಕೆಗೆ, ನೆಂಟರಿಗೆ. ಜುಟ್ಟು ಸಣ್ಣದಾಗಿ ಉಳಿದರೆ ಹೇಂಟೆ, ಅದು ಮೊಟ್ಟೆಗೆ. ತಿಪ್ಪೆ ಕೆದರಿ ತಾನೇ ಮೇಯುವ ಪಿಳ್ಳೆ ಹುಂಜವಾದರೇನು, ಹೇಂಟೆಯಾದರೇನು, ಯಾರಿಗೂ ಖರ್ಚಿಲ್ಲ. ಎರಡಕ್ಕೂ ಮನೆಯಲ್ಲಿ ಜಾಗವಿತ್ತು.

ಕುತೂಹಲ ಮಾತ್ರ ಹಳೆಯದು. ಮೊಟ್ಟೆಯ ಆಕಾರ ನೋಡಿ ಹೇಳಬಹುದೆಂಬ ನಂಬಿಕೆ ಎರಡು ಸಾವಿರ ವರ್ಷಕ್ಕೂ ಹಿಂದಿನದು. ಉದ್ದನೆಯ ಚೂಪು ಮೊಟ್ಟೆಯಿಂದ ಹೆಣ್ಣು ಎಂದು ಅರಿಸ್ಟಾಟಲ್ ಬರೆದ. ದುಂಡನೆಯ ಮೊಟ್ಟೆಯಿಂದಲೇ ಹೆಣ್ಣು ಎಂದು ಆಮೇಲೆ ಬಂದ ರೋಮಿನ ಪ್ಲಿನಿ ಬರೆದ. ಇಬ್ಬರೂ ಮಹಾಪಂಡಿತರು. ಇಬ್ಬರ ಮಾತೂ ಅರ್ಧದಷ್ಟು ಸಲ ನಿಜವಾಗಿರಲೇಬೇಕು!

ಈಗ 1900ರ ಆಸುಪಾಸಿಗೆ ಬರೋಣ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ್ದ ಬಟಾಣಿ ಪ್ರಯೋಗಗಳು ಮೂವತ್ತನಾಲ್ಕು ವರ್ಷ ಧೂಳು ತಿಂದು ಆಗಷ್ಟೇ ಬೆಳಕಿಗೆ ಬಂದಿದ್ದವು. ಗಿಡಕ್ಕೆ ಒಪ್ಪುವ ನಿಯಮ ಪ್ರಾಣಿಗೂ ಒಪ್ಪುತ್ತದೆಯೇ ಎಂಬ ಅನುಮಾನ ಎಲ್ಲರಲ್ಲೂ ಇತ್ತು. ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ ಉತ್ತರ ಹುಡುಕಿದ್ದು ಕೋಳಿಯ ಜುಟ್ಟಿನಲ್ಲಿ. ಜುಟ್ಟಿನ ಆಕಾರವೂ ಮೆಂಡೆಲ್ ಹೇಳಿದ ಲೆಕ್ಕದಂತೆಯೇ ಮೊಮ್ಮಕ್ಕಳಿಗೆ ಹಂಚಿಕೆಯಾಗುತ್ತದೆ ಎಂದು 1902ರಲ್ಲಿ ಆತ ತೋರಿಸಿದ. ಪ್ರಾಣಿಗಳಲ್ಲಿ ಮೆಂಡೆಲ್ ನಿಯಮಕ್ಕೆ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಇದೊಂದು. ಗ್ರಾಂಟ್‌ಚೆಸ್ಟರ್ ಊರಿನ ಬೇಟ್ಸನ್ನನ ಮನೆಯೇ ಪ್ರಯೋಗಶಾಲೆ. ಹೆಂಡತಿ ಬಿಯಾಟ್ರಿಸ್ ಕೂಡ ಆ ಕೆಲಸಕ್ಕೆ ಕೈಜೋಡಿಸಿದ್ದಳು. ಪನ್ನೆಟ್ ಅಲ್ಲಿಗೆ ಸಹಾಯಕನಾಗಿ ಬಂದವನು.

ಇದೇ ಹೊತ್ತಿಗೆ ಒಂದು ಒಗಟು ತಲೆಯೆತ್ತಿತು. ಕೆಲವು ಗುಣಗಳು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹೋಗುತ್ತಿರಲಿಲ್ಲ. 1906ರಲ್ಲಿ ಡಾಂಕಾಸ್ಟರ್ ಮತ್ತು ರೇನರ್ ಒಂದು ಜಾತಿಯ ಪತಂಗದಲ್ಲಿ ಇದನ್ನು ಗುರುತಿಸಿದರು. 1908ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ವಿಲಿಯಂ ಸ್ಪಿಲ್‌ಮನ್ ಇದನ್ನೇ ಕೋಳಿಯಲ್ಲಿ ಎತ್ತಿ ತೋರಿಸಿದ. ಅಮೆರಿಕದ ಪ್ಲೈಮೌತ್ ರಾಕ್ ತಳಿಯ ಗರಿಗಳಲ್ಲಿ ಕಪ್ಪು ಬಿಳಿ ಅಡ್ಡಪಟ್ಟೆ ಇರುತ್ತದೆ. ಪಟ್ಟೆಯ ಹೇಂಟೆಗೆ ಕಪ್ಪು ಹುಂಜ ಕೂಡಿಸಿದರೆ ಹುಟ್ಟುವ ಗಂಡುಗಳಿಗೆಲ್ಲ ಪಟ್ಟೆ, ಹೆಣ್ಣುಗಳೆಲ್ಲ ಕಪ್ಪು. ಗಂಡು ಅಮ್ಮನಂತೆ, ಹೆಣ್ಣು ಅಪ್ಪನಂತೆ. ಹೆಣ್ಣುಮಕ್ಕಳಿಗೆ ಅಪ್ಪನ ಹೋಲಿಕೆ, ಗಂಡುಮಕ್ಕಳಿಗೆ ಅಮ್ಮನ ಹೋಲಿಕೆ ಎಂದು ನಮ್ಮ ಮನೆಗಳಲ್ಲಿ ಆಡುವ ಮಾತು ಮನುಷ್ಯರ ಮಟ್ಟಿಗೆ ಬರಿ ಮಾತು. ಪ್ಲೈಮೌತ್ ರಾಕ್ ಮಟ್ಟಿಗೆ ಅಕ್ಷರಶಃ ನಿಜ.

ಇದರ ಕಾರಣವನ್ನು ಸ್ವಲ್ಪ ನಿಂತು ನೋಡಬೇಕು, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಮನುಷ್ಯರಲ್ಲಿ ಲಿಂಗ ನಿರ್ಧರಿಸುವ ವರ್ಣತಂತುಗಳು ಹೆಣ್ಣಿಗೆ ಎರಡೂ ಒಂದೇ ಬಗೆಯವು (ಎಕ್ಸ್, ಎಕ್ಸ್), ಗಂಡಿಗೆ ಬೇರೆ ಬೇರೆ (ಎಕ್ಸ್, ವೈ). ಹಕ್ಕಿಗಳಲ್ಲಿ ಇದು ತಿರುವುಮುರುವು. ಹುಂಜಕ್ಕೆ ಒಂದೇ ಬಗೆಯ ಎರಡು, ಝಡ್ ಮತ್ತು ಝಡ್. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಅಂದಮೇಲೆ ಪಿಳ್ಳೆ ಯಾವುದಾಗಬೇಕು ಎಂಬುದು ತಾಯಿಯ ಕೈಯಲ್ಲಿದೆ. ಆಕೆ ಝಡ್ ಕೊಟ್ಟರೆ ಮಗ, ಡಬ್ಲ್ಯೂ ಕೊಟ್ಟರೆ ಮಗಳು. ಝಡ್ ಮೇಲೆ ಕೂತಿರುವ ಯಾವುದೇ ಗುಣವನ್ನು ತಾಯಿ ಮಗನಿಗಷ್ಟೇ ಕೊಡಬಲ್ಲಳು, ಮಗಳಿಗೆ ಕೊಡಲು ಆಕೆಯ ಹತ್ತಿರ ಇನ್ನೊಂದಿಲ್ಲ. ಮಗಳಿಗೆ ಸಿಗುವ ಒಂದೇ ಒಂದು ಝಡ್ ಅಪ್ಪನದು.

ಗರಿಯ ಪಟ್ಟೆಯ ವಂಶವಾಹಿ ಈ ಝಡ್ ಮೇಲಿದೆ. ತಳಿಗಾರರು ಚಿನ್ನ, ಬೆಳ್ಳಿ ಎಂದು ಕರೆಯುವ ಬಣ್ಣಗಳ ಜೋಡಿಯೂ ಅಲ್ಲೇ ಇದೆ. ಚಿನ್ನ ಎಂದರೆ ಕೆಂಗಂದು, ಬೆಳ್ಳಿ ಎಂದರೆ ಬಿಳುಪು. ಬೆಳ್ಳಿ ಪ್ರಬಲ, ಚಿನ್ನ ದುರ್ಬಲ. ಚಿನ್ನದ ಹುಂಜ, ಬೆಳ್ಳಿಯ ಹೇಂಟೆ ಕೂಡಿಸಿ. ಮಗನಿಗೆ ಅಮ್ಮನ ಬೆಳ್ಳಿ ಬಂದು ಅಪ್ಪನ ಚಿನ್ನವನ್ನು ಮುಚ್ಚುತ್ತದೆ, ಆತ ಬಿಳುಪು. ಮಗಳಿಗೆ ಅಪ್ಪನ ಚಿನ್ನವೊಂದೇ ಗತಿ, ಆಕೆ ಕೆಂಚು. ಮುಖ್ಯ ಮಾತೇನೆಂದರೆ ಈ ಬಣ್ಣ ಬೆಳೆದ ಮೇಲೆ ಬರುವುದಲ್ಲ. ಮೊಟ್ಟೆಯಿಂದ ಹೊರಬಂದು ಒಣಗುವಷ್ಟರಲ್ಲಿ ಮೈಮೇಲಿನ ತುಪ್ಪಳದಲ್ಲೇ ಕಾಣುತ್ತದೆ.

ಇದೇ ವಂಶವಾಹಿಯ ಬಗ್ಗೆ ಒಂದು ಅಡ್ಡಮಾತು. 2007ರಲ್ಲಿ ಕೋಳಿಯ ಬೆಳ್ಳಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಯಾವುದೆಂದು ಅಣುಮಟ್ಟದಲ್ಲಿ ಗೊತ್ತಾಯಿತು. ಆರು ವರ್ಷದ ನಂತರ ಚೀನಾದ ವಿಜ್ಞಾನಿಗಳು ಬಿಳಿ ಹುಲಿಯ ಬಿಳುಪಿನ ಮೂಲ ಹುಡುಕಿದಾಗ ಸಿಕ್ಕಿದ್ದೂ ಅದೇ ವಂಶವಾಹಿಯ ಇನ್ನೊಂದು ರೂಪ. ಮೃಗಾಲಯದಲ್ಲಿ ನಾವು ಮುಗಿಬಿದ್ದು ನೋಡುವ ಬಿಳಿ ಹುಲಿಗೂ ಇಂಗ್ಲೆಂಡಿನ ಸಸೆಕ್ಸ್ ಹೇಂಟೆಗೂ ಇಂಥ ನಂಟಿದೆ.

ಪನ್ನೆಟ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಆತನ ಗುರು ಬೇಟ್ಸನ್ ವರ್ಣತಂತುಗಳ ಸಿದ್ಧಾಂತವನ್ನು 1921ರವರೆಗೂ ಒಪ್ಪದೆ ಹಟ ಹಿಡಿದಿದ್ದ. ಇವರಿಗೆ ಸಾಕಾಗಿದ್ದುದು ಚೌಕದೊಳಗಿನ ಲೆಕ್ಕ. ಆ ಲೆಕ್ಕ ಕೆಲಸಕ್ಕೆ ಬಂದದ್ದು ಯುದ್ಧದಲ್ಲಿ.

1917ರ ಫೆಬ್ರವರಿಯಿಂದ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಹೋಗುವ ಹಡಗುಗಳನ್ನು ಯಾವ ಮುಲಾಜೂ ಇಲ್ಲದೆ ಮುಳುಗಿಸತೊಡಗಿದವು. ಬ್ರಿಟನ್ ತಿನ್ನುತ್ತಿದ್ದ ಗೋಧಿಯ ಬಹುಪಾಲು ಹೊರಗಿನಿಂದ ಬರಬೇಕಾದದ್ದು. ಮನುಷ್ಯರ ಹೊಟ್ಟೆಗೇ ಸಾಲದಿರುವಾಗ ಕೋಳಿಗೆ ಕಾಳು ಹಾಕುವುದು ಹೇಗೆ? ಆಹಾರೋತ್ಪಾದನೆಗೆಂದು ಸರ್ಕಾರ ತೆರೆದ ಇಲಾಖೆಯ ಕೆಲಸಕ್ಕೆ ಸೇರಿದ್ದ ಪನ್ನೆಟ್ ಒಂದು ಸಲಹೆ ಕೊಟ್ಟ. ಮೊಟ್ಟೆಗಾಗಿ ಸಾಕುವ ಕೋಳಿಗಳಲ್ಲಿ ಹುಟ್ಟುವ ಪಿಳ್ಳೆಗಳಲ್ಲಿ ಅರ್ಧ ಹುಂಜ. ಅವು ಮೊಟ್ಟೆಯಿಡುವುದಿಲ್ಲ, ಮೈತುಂಬ ಮಾಂಸವೂ ಇಲ್ಲ. ಜುಟ್ಟು ಬರುವವರೆಗೆ ಗುರುತು ಸಿಗದ ಕಾರಣ ಅಷ್ಟೂ ವಾರ ಕಾಳು ತಿನ್ನುತ್ತವೆ. ಚಿನ್ನ ಬೆಳ್ಳಿಯ ಜೋಡಿ ಕೂಡಿಸಿದರೆ ಹುಟ್ಟಿದ ದಿನವೇ ಬಣ್ಣ ನೋಡಿ ಹುಂಜಗಳನ್ನು ಬೇರೆ ಮಾಡಬಹುದು, ಕಾಳು ಉಳಿಯುತ್ತದೆ.

ಬೇರೆ ಮಾಡಬಹುದು ಎಂಬ ಮಾತಿನ ಮುಂದಿನ ಅರ್ಥ ಏನೆಂದು ಹೇಳಬೇಕಾಗಿಲ್ಲ. ಕೆಲವನ್ನು ಪ್ರತ್ಯೇಕವಾಗಿ ಕೊಬ್ಬಿಸಲು ಇಟ್ಟುಕೊಳ್ಳಬಹುದಿತ್ತು. ಉಳಿದವನ್ನು ಕೊಲ್ಲಬೇಕಿತ್ತು. ನನಗೆ ಇಲ್ಲಿ ಪನ್ನೆಟ್‌ನನ್ನು ಕಟಕಟೆಗೆ ಎಳೆಯುವ ಆಸೆಯಿಲ್ಲ. ರೊಟ್ಟಿಗೆ ಸರದಿ ನಿಂತ ದೇಶದಲ್ಲಿ ಕೂತು ಲೆಕ್ಕ ಹಾಕಿದವನು ಆತ. ಆದರೂ ಒಂದು ಮಾತನ್ನು ಗುರುತಿಸಬೇಕು. ಅಲ್ಲಿಯವರೆಗೆ ಪಿಳ್ಳೆಗೆ ಜುಟ್ಟು ಬರುವವರೆಗಿನ ಸಮಯ ಇತ್ತು. ನಮಗೆ ತಿಳಿಯದಿರುವುದೇ ಅದಕ್ಕೊಂದು ರಕ್ಷಣೆಯಾಗಿತ್ತು. ಯುದ್ಧ ಮುಗಿದು ಕಾಳಿನ ಅಭಾವ ನೀಗಿದ ಮೇಲೂ ಆ ಸಮಯ ಮರಳಿ ಬರಲಿಲ್ಲ.

ಈ ಟಿಪ್ಪಣಿಗಳನ್ನು ಮಾಡಿಕೊಳ್ಳುವಾಗ 'ಲಿಂಗಪತ್ತೆ' ಎಂಬ ಪದ ಬರೆಯಲು ಮೊದಮೊದಲು ಕೈ ಬರುತ್ತಿರಲಿಲ್ಲ. ನಮ್ಮಲ್ಲಿ ಆ ಪದ ಕಣ್ಣಿಗೆ ಬೀಳುವುದು ಸ್ಕ್ಯಾನಿಂಗ್ ಸೆಂಟರಿನ ಬೋರ್ಡಿನ ಮೇಲೆ. ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಎಂದು ಅಲ್ಲಿ ಬರೆದಿರುತ್ತದೆ, 1994ರ ಕಾಯ್ದೆ ಹೇಳುವುದೂ ಅದನ್ನೇ. ಅಲ್ಲಿ ಬೇಡವಾದದ್ದು ಹೆಣ್ಣು, ಇಲ್ಲಿ ಬೇಡವಾದದ್ದು ಗಂಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು, ನಾನು ತೂಗುತ್ತಿಲ್ಲ. ಆದರೆ 'ಬೇಗ ತಿಳಿಯುವುದು' ಎಂಬ ಕ್ರಿಯೆಗೆ ಕಾದು ಕೂತ ಇನ್ನೊಂದು ಕ್ರಿಯೆ ಇರುತ್ತದೆ ಎಂಬುದು ಆ ಬೋರ್ಡನ್ನು ಓದಿ ಬೆಳೆದವರಿಗೆ ಬೇಗ ಹೊಳೆಯುತ್ತದೆ.

ಪನ್ನೆಟ್ 1923ರಲ್ಲಿ ಕೋಳಿಗಳ ಅನುವಂಶೀಯತೆಯ ಮೇಲೆ ಒಂದು ಪುಸ್ತಕ ತಂದ. ಮುಂದಿನ ವರ್ಷಗಳಲ್ಲಿ ಹ್ಯಾಚರಿಗಳು ಈ ಜೋಡಿಗಳನ್ನು ವ್ಯಾಪಾರಕ್ಕೆ ಇಳಿಸಿದವು. ರೋಡ್ ಐಲೆಂಡ್ ರೆಡ್ ಹುಂಜ, ಲೈಟ್ ಸಸೆಕ್ಸ್ ಹೇಂಟೆ: ಬಿಳಿಹಳದಿ ಪಿಳ್ಳೆಗಳು ಗಂಡು, ಕೆಂಚು ಪಿಳ್ಳೆಗಳು ಹೆಣ್ಣು. ಅದೇ ರೆಡ್ ಹುಂಜಕ್ಕೆ ಪಟ್ಟೆಯ ರಾಕ್ ಹೇಂಟೆ: ಪಿಳ್ಳೆಗಳೆಲ್ಲ ಕಪ್ಪು, ಆದರೆ ಗಂಡುಗಳ ನೆತ್ತಿಯ ಮೇಲೆ ಬಿಳಿ ಬೊಟ್ಟು. ಬುಟ್ಟಿ ಬಗ್ಗಿಸಿದರೆ ಸಾಕು, ಚಿಕ್ಕ ಮಗು ಕೂಡ ಆರಿಸಬಹುದು.

ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಈ ಉಪಾಯ ಒಂದು ತಲೆಮಾರಿಗೆ ಮಾತ್ರ. ಹೀಗೆ ಹುಟ್ಟಿದ ಕೆಂಚು ಹೇಂಟೆಗೆ ಅದರ ಬಿಳುಪು ಅಣ್ಣನನ್ನೇ ಕೂಡಿಸಿದರೆ ಮುಂದಿನ ಪಿಳ್ಳೆಗಳಲ್ಲಿ ಗಂಡಿನಲ್ಲೂ ಎರಡು ಬಣ್ಣ, ಹೆಣ್ಣಿನಲ್ಲೂ ಎರಡು ಬಣ್ಣ. ಬಣ್ಣ ಏನನ್ನೂ ಹೇಳುವುದಿಲ್ಲ. ಜೋಡಿ ತಿರುವಿಹಾಕಿ ಬೆಳ್ಳಿಯ ಹುಂಜಕ್ಕೆ ಚಿನ್ನದ ಹೇಂಟೆ ಕೂಡಿಸಿದರೂ ಅಷ್ಟೆ, ಎಲ್ಲವೂ ಬಿಳುಪು. ಅಂದರೆ ಗುರುತು ಸಿಗುವ ಪಿಳ್ಳೆ ಬೇಕೆಂದರೆ ಪ್ರತಿ ಸಲವೂ ಎರಡೂ ಶುದ್ಧ ತಳಿಗಳನ್ನು ಇಟ್ಟುಕೊಂಡವರ ಬಾಗಿಲಿಗೆ ಹೋಗಬೇಕು. ಹೈಬ್ರಿಡ್ ಬೀಜಕ್ಕೆ ವರ್ಷ ವರ್ಷ ಅಂಗಡಿ ಮುಂದೆ ನಿಲ್ಲುವ ನಮ್ಮ ಜೋಳದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮೈಕೆಲ್ ಪೀಸ್ ಬರುತ್ತಾನೆ. ಪನ್ನೆಟ್ ಇಂಗ್ಲೆಂಡಿನಲ್ಲಿ ಕಾಳಿನ ಲೆಕ್ಕ ಹಾಕುತ್ತಿದ್ದಾಗ ಈತ ಬರ್ಲಿನ್ ಪಕ್ಕದ ರೂಲೆಬೆನ್ ಎಂಬಲ್ಲಿ, ಕುದುರೆ ರೇಸಿನ ಮೈದಾನವನ್ನೇ ಬಂದೀಖಾನೆ ಮಾಡಿ ಬ್ರಿಟಿಷ್ ನಾಗರಿಕರನ್ನು ಕೂಡಿಹಾಕಿದ್ದ ಕಡೆ, ಯುದ್ಧ ಮುಗಿಯುವುದನ್ನು ಕಾಯುತ್ತಿದ್ದ. ಬಿಡುಗಡೆಯಾಗಿ ಬಂದ ಮೇಲೆ ಕೇಂಬ್ರಿಜ್‌ನಲ್ಲಿ ಪನ್ನೆಟ್ ಜೊತೆ ಸೇರಿದ. ಇಬ್ಬರೂ ಪಟ್ಟೆಯ ಪ್ಲೈಮೌತ್ ರಾಕ್‌ನ ಪಟ್ಟೆಯನ್ನು ಬೆಲ್ಜಿಯಂ ಮೂಲದ ಚಿನ್ನದ ಬಣ್ಣದ ಕ್ಯಾಂಪೈನ್ ತಳಿಯೊಳಕ್ಕೆ ತಂದರು. ಪಟ್ಟೆಯ ವಂಶವಾಹಿಗೆ ಒಂದು ವಿಶೇಷವಿದೆ. ಅದು ಬಣ್ಣವನ್ನು ತಿಳಿಗೊಳಿಸುತ್ತದೆ, ಮತ್ತು ಎರಡು ಪಾಲು ಇದ್ದರೆ ಒಂದು ಪಾಲಿಗಿಂತ ಹೆಚ್ಚು ತಿಳಿಗೊಳಿಸುತ್ತದೆ. ಹುಂಜಕ್ಕೆ ಎರಡು ಝಡ್, ಹಾಗಾಗಿ ಎರಡು ಪಾಲು. ಹೇಂಟೆಗೆ ಒಂದೇ ಝಡ್, ಎಷ್ಟೇ ಶುದ್ಧ ತಳಿಯಾದರೂ ಒಂದೇ ಪಾಲು. ಕಪ್ಪು ತುಪ್ಪಳದ ರಾಕ್ ಪಿಳ್ಳೆಗಳಲ್ಲಿ ಈ ವ್ಯತ್ಯಾಸ ನೆತ್ತಿಯ ಬೊಟ್ಟು ಚಿಕ್ಕದೋ ದೊಡ್ಡದೋ ಎಂಬಷ್ಟಕ್ಕೇ ನಿಂತು ಅನುಮಾನ ಹುಟ್ಟಿಸುತ್ತಿತ್ತು. ಕಂದು ತುಪ್ಪಳದ ಮೇಲೆ ಅದು ಎದ್ದು ಕಂಡಿತು. ಹೆಣ್ಣು ಪಿಳ್ಳೆಗಳು ಗಾಢ ಕಂದು. ಗಂಡು ಪಿಳ್ಳೆಗಳು ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಮಾಸಲು.

ಈ ತಳಿಗೆ ಕ್ಯಾಂಬಾರ್ ಎಂದು ಹೆಸರಾಯಿತು. ಒಂದು ತಳಿಯೊಳಗೇ, ಹೊರಗಿನ ಜೋಡಿಯ ಹಂಗಿಲ್ಲದೆ, ತಲೆಮಾರಿನಿಂದ ತಲೆಮಾರಿಗೆ ಹುಟ್ಟಿದ ದಿನವೇ ಗುರುತು ಹೇಳುವ ಮೊದಲ ಕೋಳಿ. ಪನ್ನೆಟ್ ಮತ್ತು ಪೀಸ್ ಇದನ್ನು ಜಗತ್ತಿಗೆ ತಿಳಿಸಿದ್ದು 1930ರಲ್ಲಿ, ಬರೀ ಮೂರು ಪುಟಗಳ ಲೇಖನದಲ್ಲಿ. ಪೀಸ್ ಆಮೇಲೆ ಇದೇ ದಾರಿಯಲ್ಲಿ ಲೆಗ್‌ಹಾರ್ನ್ ತಳಿಯಿಂದ ಲೆಗ್‌ಬಾರ್ ಮಾಡಿದ. ಬೇರೆಯವರೂ ಇನ್ನಷ್ಟು 'ಬಾರ್'ಗಳನ್ನು ಮಾಡಿದರು.

ಆ ಮೂರು ಪುಟ ಓದಲು ನಾನು ಇಂಗ್ಲೆಂಡಿಗೆ ಹೋಗಬೇಕಾಗಿರಲಿಲ್ಲ. ಅದು ಅಚ್ಚಾದ 'ಜರ್ನಲ್ ಆಫ್ ಜೆನೆಟಿಕ್ಸ್' ಪತ್ರಿಕೆಯ ವಿಳಾಸ ಈಗ ಬೆಂಗಳೂರು. ಬೇಟ್ಸನ್ ಮತ್ತು ಪನ್ನೆಟ್ 1910ರಲ್ಲಿ ಹುಟ್ಟುಹಾಕಿದ ಪತ್ರಿಕೆ ಅದು. ಮುಂದೆ ಸಂಪಾದಕನಾದ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದಾಗ ಗಂಟುಮೂಟೆಯ ಜೊತೆ ಪತ್ರಿಕೆಯನ್ನೂ ತಂದ. ಆತ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಮೇಲೆ ಹೆಂಡತಿ ಹೆಲೆನ್ ಸ್ಪರ್ವೇ ನಡೆಸಿದಳು. ಆಕೆಯ ನಂತರ ಕೆಲ ವರ್ಷ ನಿಂತುಹೋಗಿದ್ದ ಪತ್ರಿಕೆಯನ್ನು 1985ರಲ್ಲಿ ಮತ್ತೆ ಶುರುಮಾಡಿದ್ದು ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ. ಹೀಗೆ ಕೇಂಬ್ರಿಜ್‌ನ ಕೋಳಿಗಳು ಸದಾಶಿವನಗರಕ್ಕೆ ಬಂದು ತಲುಪಿದವು. ತರ್ಕಕ್ಕೆ ಬೇಕಾದಷ್ಟೇ ಮಾತು, ಒಂದೂ ಹೆಚ್ಚಿಲ್ಲ. ಕನ್ನಡದಲ್ಲಿ ಪ್ರಬಂಧ ಬರೆಯುವ ನಮ್ಮಂಥವರು ಒಮ್ಮೆ ಓದಬೇಕಾದ ಸಂಕ್ಷಿಪ್ತತೆ.

ಕ್ಯಾಂಬಾರ್ ಗೆಲ್ಲಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ರೈತ ತನ್ನ ಹಿತ್ತಲಲ್ಲೇ ಮರಿ ಮಾಡಿಸಿ, ತಾನೇ ಆರಿಸಿಕೊಂಡು, ಯಾರ ಬಾಗಿಲಿಗೂ ಹೋಗದೆ ಇರಬಹುದಾಗಿದ್ದ ಕೋಳಿ ಅದು. ಗೆಲ್ಲಲಿಲ್ಲ. ಎರಡನೇ ಮಹಾಯುದ್ಧದ ನಂತರ ಕೋಳಿಸಾಕಣೆ ಹಿತ್ತಲು ಬಿಟ್ಟು ಕಾರ್ಖಾನೆ ಸೇರಿತು. ಅಲ್ಲಿ ಬೇಕಾಗಿದ್ದುದು ಮೊಟ್ಟೆಯ ಸಂಖ್ಯೆ, ಅದರಲ್ಲಿ ಎರಡು ಶುದ್ಧ ತಳಿಗಳ ಮಿಶ್ರಣವೇ ಮುಂದು. ಮಿಶ್ರತಳಿಯ ಒಡೆತನ ಕಂಪನಿಯ ಕೈಯಲ್ಲೇ ಉಳಿಯುತ್ತದೆ ಎಂಬುದೂ ವ್ಯಾಪಾರಕ್ಕೆ ಹಿತವಾದ ಸಂಗತಿ. ಕ್ಯಾಂಬಾರ್ ಈಗ ಕಾಣಸಿಗುವುದೇ ಅಪರೂಪ. ಲೆಗ್‌ಬಾರ್ ಮಾತ್ರ ಶೋಕಿಗಾಗಿ ಸಾಕುವವರ ಹಿತ್ತಲಲ್ಲಿ ಉಳಿದಿದೆ.

ಇನ್ನೊಂದು ದೊಡ್ಡ ಅಡ್ಡಿ ಬಿಳಿ ಲೆಗ್‌ಹಾರ್ನ್. ಬಿಳಿ ಮೊಟ್ಟೆಯ ಲೋಕವನ್ನೆಲ್ಲ ಆಳುವುದು ಇದರ ಸಂತತಿ. ಇದರಲ್ಲಿರುವ ಪ್ರಬಲ ಬಿಳಿ ವಂಶವಾಹಿ ಸುಣ್ಣ ಬಳಿದಂತೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅಡಿಯಲ್ಲಿ ಚಿನ್ನವಿರಲಿ, ಬೆಳ್ಳಿಯಿರಲಿ, ಪಟ್ಟೆಯಿರಲಿ, ಪಿಳ್ಳೆ ಮಾತ್ರ ತಿಳಿಹಳದಿ. ಪನ್ನೆಟ್‌ನ ಉಪಾಯ ಇಲ್ಲಿ ಕುರುಡು.

ಆ ಕುರುಡಿಗೆ ಕಣ್ಣಾದದ್ದು ಜಪಾನ್. ಟೋಕಿಯೋದ ಕಿಯೋಶಿ ಮಸುಯಿ ಮತ್ತು ಅವನ ಜೊತೆಗಾರರಾದ ಹಾಶಿಮೋತೋ, ಓನೋ 1925ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಪಿಳ್ಳೆಯನ್ನು ಅಂಗೈಯಲ್ಲಿ ಹಿಡಿದು, ಹಿಂಬದಿಯ ದ್ವಾರವನ್ನು ಮೃದುವಾಗಿ ಬಿಡಿಸಿದರೆ ಗುಂಡುಸೂಜಿಯ ತಲೆಯಷ್ಟು ಉಬ್ಬು ಕಾಣುತ್ತದೆ ಅಥವಾ ಕಾಣುವುದಿಲ್ಲ. ಅದರ ಆಕಾರದಲ್ಲಿ ಗುರುತು. 1927ರ ಒಟ್ಟಾವಾ ಜಾಗತಿಕ ಕೋಳಿ ಸಮ್ಮೇಳನದಲ್ಲಿ ಇದು ಹೊರಜಗತ್ತಿಗೆ ತಿಳಿಯಿತು. ಜಪಾನಿ ಪರಿಣತರು ಉತ್ತರ ಅಮೆರಿಕಕ್ಕೆ ಬಂದರು, ಅಲ್ಲಿ ಹುಟ್ಟಿ ಬೆಳೆದ ಜಪಾನಿ ಮೂಲದ ಹುಡುಗರಿಗೆ ಕಲಿಸಿದರು. 1937ರಲ್ಲಿ ಎಸ್. ಜಾನ್ ನಿಟ್ಟಾ ಪೆನ್ಸಿಲ್ವೇನಿಯಾದ ಲ್ಯಾನ್ಸ್‌ಡೇಲ್‌ನಲ್ಲಿ ಇದಕ್ಕೆಂದೇ ಶಾಲೆ ಕಟ್ಟಿದ. ಗಂಟೆಗೆ ಸಾವಿರದ ಆಸುಪಾಸು ಪಿಳ್ಳೆ, ನೂರಕ್ಕೆ ಒಂದೆರಡರಷ್ಟು ತಪ್ಪು. ಬೇರೆ ಕೆಲಸಗಳ ಬಾಗಿಲು ಮುಚ್ಚಿದ್ದ ಜನಾಂಗಕ್ಕೆ ಇದೊಂದು ಬಾಗಿಲು ತೆರೆದಿತ್ತು. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ, ಒಟ್ಟು ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಜನರನ್ನು, ಶಿಬಿರಗಳಲ್ಲಿ ಕೂಡಿಹಾಕಿತು. ಹ್ಯಾಚರಿಗಳಿಗೆ ಕೈ ಬೇಕಾದಾಗ ಈ ಕೆಲಸ ಗೊತ್ತಿದ್ದವರನ್ನು ಹೊರಗೆ ಬಿಟ್ಟಿತು. 2020ರ 'ಮಿನಾರಿ' ಸಿನಿಮಾ ನೋಡಿದವರಿಗೆ ಇದೇ ಕೆಲಸ ಮಾಡುವ ಕೊರಿಯಾದ ದಂಪತಿ ನೆನಪಿರಬಹುದು. ಆ ಹೊತ್ತಿಗೆ ಬುಟ್ಟಿ ಇನ್ನೊಂದು ವಲಸೆಗಾರ ಸಮುದಾಯದ ಕೈಗೆ ದಾಟಿತ್ತು.

ತತ್ವಶಾಸ್ತ್ರದ ಮೇಷ್ಟರುಗಳಿಗೆ ಈ ಪರಿಣತರೆಂದರೆ ಪ್ರೀತಿ. ತಮಗೆ ಹೇಗೆ ಗೊತ್ತಾಗುತ್ತದೆಂದು ತಮಗೇ ಗೊತ್ತಿಲ್ಲದ ಜ್ಞಾನಿಗಳು ಎಂದು ಉದಾಹರಣೆ ಕೊಡುತ್ತಾರೆ. ನನಗೆ ಈ ರಮ್ಯತೆ ಒಪ್ಪಿಗೆಯಿಲ್ಲ. 1987ರಲ್ಲಿ ಬೀಡರ್‌ಮನ್ ಮತ್ತು ಶಿಫ್ರಾರ್ ಎಂಬ ಮನೋವಿಜ್ಞಾನಿಗಳು, ಐದೂವರೆ ಕೋಟಿ ಪಿಳ್ಳೆ ನೋಡಿದ್ದ ಒಬ್ಬ ಅನುಭವಿಯನ್ನು ಕೂರಿಸಿಕೊಂಡು ಆತ ಏನು ನೋಡುತ್ತಾನೆಂದು ಕೇಳಿ, ಒಂದು ಹಾಳೆಯಲ್ಲಿ ಬರೆದು, ಏನೂ ಅರಿಯದವರ ಕೈಗಿತ್ತರು. ಚಿತ್ರಗಳನ್ನು ನೋಡಿ ಅವರು ಕೊಟ್ಟ ಸರಿ ಉತ್ತರ ನೂರಕ್ಕೆ ಅರವತ್ತರಿಂದ ಎಂಬತ್ತನಾಲ್ಕಕ್ಕೆ ಏರಿತು. ಕೇಳುವವರು ಕೇಳಿದರೆ ಹೇಳುವವರು ಹೇಳುತ್ತಾರೆ.

ಕೈಗೆ ಬದಲಾಗಿ ಮತ್ತೆ ತಳಿಶಾಸ್ತ್ರವೂ ಒಂದು ದಾರಿ ಹುಡುಕಿತು. ಬಣ್ಣ ಹೇಳದಿದ್ದರೆ ಗರಿಯ ಉದ್ದ ಹೇಳಲಿ. ನಿಧಾನಕ್ಕೆ ಗರಿ ಬರುವ ಗುಣವೂ ಝಡ್ ಮೇಲೆಯೇ ಇದೆ, ಮತ್ತು ಪ್ರಬಲ. ಬೇಗ ಗರಿ ಬರುವ ಹುಂಜ, ನಿಧಾನ ಗರಿಯ ಹೇಂಟೆ ಕೂಡಿಸಿದರೆ ಹೆಣ್ಣು ಪಿಳ್ಳೆಯ ರೆಕ್ಕೆಯಲ್ಲಿ ಮೊದಲ ದಿನವೇ ಉದ್ದ ಗರಿಗಳ ಸಾಲು, ಗಂಡಿನಲ್ಲಿ ಮೊಂಡು. ಚೌಕ ಅದೇ, ಅಕ್ಷರ ಬೇರೆ.

ದಾರಿ ಯಾವುದಾದರೂ ಹುಂಜಗಳು ಹೋಗಿ ಸೇರುವ ಕಡೆ ಒಂದೇ. ಮೊಟ್ಟೆ ಉದ್ಯಮದಲ್ಲಿ ಹುಟ್ಟಿದ ದಿನವೇ ಕೊಲ್ಲಲ್ಪಡುವ ಗಂಡು ಪಿಳ್ಳೆಗಳು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಎಂಬ ಅಂದಾಜಿದೆ. ವಿಷಾನಿಲ ಇಲ್ಲವೇ ಅರೆಯುವ ಯಂತ್ರ. ಜರ್ಮನಿ 2022ರ ಜನವರಿ 1ರಿಂದ ಇದನ್ನು ನಿಷೇಧಿಸಿತು, ಫ್ರಾನ್ಸ್ ಅದರ ಮರುವರ್ಷ. ನಿಷೇಧವೆಂದರೆ ಹುಂಜಗಳನ್ನೆಲ್ಲ ಸಾಕುವುದಲ್ಲ. ಹುಟ್ಟುವ ಮೊದಲೇ, ಮೊಟ್ಟೆಯೊಳಗೇ ಪತ್ತೆ ಮಾಡಿ ಕಾವಿನಿಂದ ತೆಗೆದುಬಿಡುವುದು. ಜುಟ್ಟಿನಿಂದ ತುಪ್ಪಳಕ್ಕೆ, ತುಪ್ಪಳದಿಂದ ಚಿಪ್ಪಿನ ಒಳಕ್ಕೆ ಗುರುತಿನ ದಿನ ಹಿಂದೆ ಹಿಂದೆ ಸರಿಯುತ್ತ ಬಂದಿದೆ.

ಇದಕ್ಕೆ ಬಂದಿರುವ ಯಂತ್ರಗಳಲ್ಲಿ ಒಂದು ನನ್ನ ಗಮನ ಸೆಳೆಯಿತು. ಕಾವಿನ 13ನೆಯ ದಿನದ ಹೊತ್ತಿಗೆ ಮೊಟ್ಟೆಯ ಮೂಲಕ ಪ್ರಖರ ಬೆಳಕು ಹಾಯಿಸಿ, ಒಳಗೆ ಆಗಷ್ಟೇ ಮೂಡುತ್ತಿರುವ ಗರಿಯ ಬಣ್ಣವನ್ನು ಅದು ಓದುತ್ತದೆ. ಕಂದು ಮೊಟ್ಟೆಯ ಕೋಳಿಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ, ಯಾಕೆಂದರೆ ಅವುಗಳ ಅಪ್ಪ ಚಿನ್ನ, ಅಮ್ಮ ಬೆಳ್ಳಿ. ಕೆಂಚಾದರೆ ಹೆಣ್ಣು, ಬಿಳುಪಾದರೆ ಗಂಡು. ನೂರು ವರ್ಷದ ಹಿಂದಿನ ಕಾಳಿನ ಲೆಕ್ಕವನ್ನು ಚಿಪ್ಪಿನಾಚೆಯಿಂದ ಮತ್ತೆ ಓದಿದಂತೆ. ಬಿಳಿ ತಳಿಗಳಿಗೆ ಈ ಯಂತ್ರವೂ ಕುರುಡು. ಪ್ರಾಣಿಗಳ ಆಹಾರಕ್ಕೆ ಹೋಗುವ ಬಿಳಿ ತಳಿಯ ಗಂಡು ಪಿಳ್ಳೆಗಳಿಗೆ ಫ್ರಾನ್ಸಿನ ನಿಯಮ ವಿನಾಯಿತಿ ಕೊಟ್ಟಿದೆ. ಲೆಗ್‌ಹಾರ್ನ್‌ನ ಸುಣ್ಣ ಕಾನೂನಿನ ಒಳಗೂ ಹೋಗಿದೆ.

ನಮ್ಮ ದೇಶದ ಫಾರಂ ಮೊಟ್ಟೆ ಬಹುಪಾಲು ಬಿಳಿ, ಅದನ್ನಿಡುವ ಕೋಳಿಯೂ ಬಿಳಿ ಲೆಗ್‌ಹಾರ್ನ್ ಸಂತತಿಯದು. ನಮ್ಮ ಹ್ಯಾಚರಿಗಳಲ್ಲಿ ಬೇಡವಾದ ಗಂಡು ಪಿಳ್ಳೆಗಳಲ್ಲಿ ಒಂದಷ್ಟು ಸಗಟಿನಲ್ಲಿ ಪುಡಿಗಾಸಿಗೆ ಮಾರಾಟವಾಗುತ್ತವೆ. ಕೊಂಡವರು ಅವನ್ನು ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಗುಲಾಬಿ, ಹಸಿರು, ನೇರಳೆ, ಕಡುಹಳದಿ. ಜಾತ್ರೆಯ ಬೀದಿಯಲ್ಲಿ, ಶಾಲೆಯ ಗೇಟಿನೆದುರು, ಮೊಪೆಡ್ಡಿನ ಹಿಂದೆ ಕಟ್ಟಿದ ಜಾಲರಿ ಬುಟ್ಟಿಯಲ್ಲಿ ಚಿಂವ್‌ಗುಟ್ಟುವ ಬಣ್ಣದ ಕೋಳಿಮರಿಗಳು ಇವೇ. ಮನೆಗೆ ತಂದ ಮಕ್ಕಳು ಮೊದಲು ಕೇಳುವುದು ಇದು ಮೊಟ್ಟೆ ಇಡುತ್ತದೆಯೇ ಎಂದು. ಸ್ವಂತ ತುಪ್ಪಳ ಏನನ್ನೂ ಹೇಳದ ತಳಿ ಇದು. ಮಾರುವವನು ಅದ್ದಿದ ಗುಲಾಬಿ ಬಣ್ಣ ಮಾತ್ರ ಬಹುಮಟ್ಟಿಗೆ ಖಚಿತವಾಗಿ ಹೇಳುತ್ತದೆ, ಇದು ಹುಂಜ ಎಂದು. ಅವುಗಳಲ್ಲಿ ಹೆಚ್ಚಿನವು ಕೆಲವೇ ದಿನ ಬದುಕುತ್ತವೆ. ಬದುಕಿದವಕ್ಕೆ ಕೆಲವು ವಾರಗಳಲ್ಲಿ ಬಣ್ಣದ ತುಪ್ಪಳ ಉದುರಿ, ಬಿಳಿ ಗರಿ ಬಂದು, ನೆತ್ತಿಯ ಮೇಲೆ ಕೆಂಪಗೆ ಜುಟ್ಟು ಮೂಡುತ್ತದೆ.